ನಲವತ್ತನೆಯ ದಿನದ ಗೋಧಿ

ಪ್ಯಾಂಟ್ರಿಯ ಹಿಂದಿನ ಸಾಲಿನಲ್ಲಿ ಏನೇನಿದೆ ಎಂದು ನೋಡುವ ಧೈರ್ಯ ನನಗೆ ಬರುವುದು ವರ್ಷಕ್ಕೊಮ್ಮೆ, ಯುಗಾದಿ ಹತ್ತಿರ ಬಂದಾಗ. ಈ ಸಲ ಅವಧಿ ಮೀರಿದ ಮೂರು ಶಾವಿಗೆ ಪ್ಯಾಕೆಟ್, ಕಲ್ಲಾಗಿ ಕೂತಿದ್ದ ಬೆಲ್ಲ, ಇವುಗಳ ಹಿಂದೆ ಒಂದು ಪುಟ್ಟ ಗಾಜಿನ ಬಾಟಲಿ ಸಿಕ್ಕಿತು. ಮುಚ್ಚಳ ಬಿಗಿದುಕೊಂಡಿತ್ತು. ಬಿಸಿನೀರಿಗೆ ಹಿಡಿದು ತಿರುವಿದೆ. ತಳದಲ್ಲಿ ಒಂದು ಚಮಚದಷ್ಟು ಕೆಂಪು ಹಸಿರು ಬೆರೆತ ಪುಡಿ. ಮೂಗಿಗೆ ಹಿಡಿದರೆ ಮೆಂತ್ಯ, ಒಣಮೆಣಸು, ಅವುಗಳ ಮೇಲೆ ದೊಡ್ಡಪತ್ರೆಯನ್ನು ಒಣಗಿಸಿ ಅಂಗೈಯಲ್ಲಿ ತಿಕ್ಕಿದಂಥ ಒಂದು ವಾಸನೆ... ಬಾಬಾ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದ ಮಸಾಲೆ ಉಪ್ಪು. ಬಾಟಲಿಯನ್ನು ಸಿಂಕಿನ ಪಕ್ಕ ಇಟ್ಟು, ಕೆಲಸ ಅರ್ಧಕ್ಕೇ ಬಿಟ್ಟು, ಮೆಟ್ಟಿಲು ಹತ್ತಿ ಇಳಿದು ಸುಮ್ಮನೆ ಓಡಾಡಿದೆ. ಎರಡು ವಾರದಿಂದ ನನಗೆ ಹೀಗೇ ಆಗುತ್ತಿದೆ, ಕೂತಲ್ಲಿ ಕೂರಲಾಗುತ್ತಿಲ್ಲ.

ಬಾಬಾ ಎಂದರೆ ಗಡ್ಡ ಬಿಟ್ಟ ಸ್ವಾಮಿಗಳಲ್ಲ. ಸಮರ್‌ಸೆಟ್‌ನ ನಮ್ಮ ಟೌನ್‌ಹೌಸಿನ ಗೋಡೆಗೆ ಗೋಡೆ ಹಚ್ಚಿಕೊಂಡ ಪಕ್ಕದ ಮನೆಯಲ್ಲಿದ್ದ ಬಲ್ಗೇರಿಯಾದ ಅಜ್ಜಿ. ಅವರ ಭಾಷೆಯಲ್ಲಿ ಅಜ್ಜಿಗೆ ಬಾಬಾ ಎನ್ನುತ್ತಾರೆ. ಧಾರವಾಡದಿಂದ ಬಂದ ನನ್ನ ಅವ್ವನಿಗೆ ಇದನ್ನು ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಿದ್ದಳು. "ಹೆಣ್ಮಗಳಿಗೆ ಬಾಬಾ ಅಂತಾರೇನ? ಹಂಗಾರ ಅಜ್ಜಗ ಏನಂತಾರವಾ, ಮಾತಾಜಿ ಅಂತಾರೇನು?"

ಬಾಬಾ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಬಿಗಿ ಮಾಡುವ, ಸಡಿಲ ಮಾಡುವ ಕೆಲಸ ಮಾಡುತ್ತಿದ್ದರು. ಸುತ್ತಲಿನ ನಮ್ಮ ಹೆಂಗಸರ ಬ್ಲೌಸುಗಳೆಲ್ಲ ಅವರ ಕೈಯಲ್ಲಿ ಹಾದುಹೋದವೇ. ಅಳತೆ ಬ್ಲೌಸ್ ಎನ್ನುವುದು ಏನೆಂದು ಅವರಿಗೆ ಕಲಿಸಿದವಳು ನಾನು. ಒಂದು ವರ್ಷದಲ್ಲಿ ಅವರು ನನಗಿಂತ ಚೆನ್ನಾಗಿ, ಯಾರ ತೋಳು ಯಾವ ದೀಪಾವಳಿಯಿಂದ ದಪ್ಪವಾಯಿತು ಎಂದು ಹೇಳಬಲ್ಲವರಾಗಿದ್ದರು. ಅವರ ಇಂಗ್ಲಿಷ್ ಮೂರು ಮೂರು ಪದದ್ದು. ನನಗೆ ಅದು ಹಿಡಿಸಿತ್ತು, ಏಕೆಂದರೆ ಮಿಕ್ಕವರೆಲ್ಲ ನನ್ನೊಡನೆ ಬಹಳ ಬೇಗ ಬೇಗ ಮಾತಾಡುತ್ತಿದ್ದರು.

ನಂಬಿಕೆಗಳ ವಿಷಯದಲ್ಲಿ ಬಾಬಾ ನಮ್ಮ ಅವ್ವನಿಗೆ ಕಡಿಮೆಯೇನಲ್ಲ. ಮಾರ್ಚ್ ಮೊದಲ ದಿನ ಬೆಳಿಗ್ಗೆ ಏಳಕ್ಕೇ ಬಾಗಿಲು ಬಡಿದು, ಕೆಂಪು ಬಿಳಿ ನೂಲು ಹೊಸೆದ ದಾರವನ್ನು ನನ್ನ ಮಣಿಕಟ್ಟಿಗೆ ಕಟ್ಟುತ್ತಿದ್ದರು. ಮಾರ್ಚ್ ತಿಂಗಳು ಸಿಡುಕಿನ ಮುದುಕಿಯಂತೆ. ಕೆಂಪು ಕಂಡರೆ ನಗುತ್ತಾಳಂತೆ, ಬಿಸಿಲು ಬರುತ್ತದಂತೆ. ಮುನಿದರೆ ಹಿಮ ಸುರಿಸುತ್ತಾಳಂತೆ. ಅವರ ಊರಲ್ಲಾದರೆ ಕೊಕ್ಕರೆ ಬಂದದ್ದು ಕಂಡ ದಿನ ದಾರ ಬಿಚ್ಚಬೇಕು. ನ್ಯೂಜೆರ್ಸಿಗೆ ಯಾವ ಕೊಕ್ಕರೆ ಬರಬೇಕು? ಹಾಗಾಗಿ ಮೊದಲು ಹೂಬಿಟ್ಟ ಮರ ಕಂಡ ದಿನ ಬಿಚ್ಚಿ ಅದರ ಟೊಂಗೆಗೇ ಕಟ್ಟುವುದು. ಗೌರಿ ದಾರ ಕಟ್ಟಿಸಿಕೊಂಡು ಬೆಳೆದ ನನಗೆ ಇದರಲ್ಲಿ ಕೇಳುವುದೇನೂ ಇರಲಿಲ್ಲ, ಕೈ ಚಾಚಿ ನಿಲ್ಲುತ್ತಿದ್ದೆ.

ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿಯ ಅವರ ಊಟಕ್ಕೂ ನಾವಿಬ್ಬರೂ ಹೋಗಿದ್ದೆವು, ನಾನು ಮತ್ತು ನನ್ನ ಯಜಮಾನರು. ಅಂದು ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲೂ ಇಲ್ಲ. ಹುರುಳಿಕಾಯಿ ಬೀಜದ ಸಾರು, ಎಲೆಕೋಸಿನಲ್ಲಿ ಸುತ್ತಿದ ಅನ್ನ, ಕುಂಬಳಕಾಯಿಯ ಸಿಹಿ, ಬೇಯಿಸಿದ ಗೋಧಿ... ಬೆಸ ಸಂಖ್ಯೆಯ ಪದಾರ್ಥಗಳೇ ಇರಬೇಕೆಂದು ಎಣಿಸಿ ಎಣಿಸಿ, ಒಂದು ಕಡಿಮೆಯಾಯಿತೆಂದು ನನ್ನ ಶೇಂಗಾ ಚಟ್ನಿಪುಡಿಯನ್ನೂ ತರಿಸಿಟ್ಟರು. ತಲೆಗೊಂದು ಅಕ್ರೋಟು ಒಡೆಯಬೇಕು, ಒಳಗೆ ತಿರುಳು ಚೆನ್ನಾಗಿದ್ದರೆ ವರ್ಷ ಚೆನ್ನ. ನನ್ನದು ಚೆನ್ನಾಗಿತ್ತು. ಅವರದು ಕಪ್ಪಗಿತ್ತು. ಅದನ್ನು ಅವರು ಸೆರಗಿಲ್ಲದ ತಮ್ಮ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಬೇರೆ ಮಾತು ತೆಗೆದರು. ಊಟವಾದ ಮೇಲೆ ನಾನು ತಟ್ಟೆ ಎತ್ತಲು ಹೋದರೆ ಕೈ ಹಿಡಿದು ಕೂರಿಸಿದರು. ಆ ರಾತ್ರಿ ಮೇಜು ತೆಗೆಯಬಾರದು, ಸತ್ತವರು ಬಂದು ಉಣ್ಣುತ್ತಾರೆ. ನಮ್ಮ ಪಕ್ಷಮಾಸದ ಎಡೆಯೇ ಸರಿ ಎಂದು ನನ್ನ ಯಜಮಾನರು ಹೇಳಿದರು.

ಅಂದೇ ಬಾಬಾ ಮಗನ ವಿಷಯ ಹೇಳಿದ್ದು. ಒಬ್ಬನೇ ಮಗ, ಊರಲ್ಲಿದ್ದಾನೆ, ವೀಸಾಕ್ಕೆ ಹಾಕಿದ್ದಾನೆ, ದೇವರು ದೊಡ್ಡವನಾದರೆ ಈ ವರ್ಷ ಬರುತ್ತಾನೆ. ನಾನಂತೂ ಆಗ ಎರಡು ಸಲ ಕಳೆದುಕೊಂಡು ಮೂರನೆಯ ಸಲ ಬಸುರಾಗಿದ್ದೆ. ಆರು ತಿಂಗಳು ತುಂಬಿತ್ತು. ಇಬ್ಬರೂ ಬರಬೇಕಾದ ಒಬ್ಬರಿಗಾಗಿ ಕಾಯುತ್ತಿದ್ದೆವು ಎಂದು ಅನ್ನಿಸಿ ಒಂದು ರೀತಿಯ ಸಲಿಗೆ ಬಂದಿತ್ತು.

ಹೊಸ ವರ್ಷವಾದ ಮೇಲೆ ಡಾಕ್ಟರು ನನಗೆ ಹಾಸಿಗೆ ಬಿಟ್ಟು ಏಳಬಾರದೆಂದರು. ಅವ್ವ ಬಾಣಂತನಕ್ಕೆಂದು ಮೊದಲೇ ಬಂದುಬಿಟ್ಟಳು. ಹೊರಗೆ ಹಿಮ, ಒಳಗೆ ಹೀಟರಿನ ಗುಂಯ್ ಸದ್ದು, ನನಗೆ ಹಗಲೂ ಇರುಳೂ ಒಂದೇ ಹೆದರಿಕೆ. ಬಾಬಾ ಕಾಣಿಸದೆ ವಾರಗಳಾದವು ಎನ್ನುವುದು ಗಮನಕ್ಕೆ ಬರಲಿಲ್ಲ... ಬಂದಿತ್ತೇನೋ, ನಾನು ಅದರ ಹಿಂದೆ ಹೋಗಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಬೆಲ್ ಆಯಿತು. ಅವ್ವ ಸ್ನಾನಕ್ಕೆ ಹೋಗಿದ್ದಳು, ನಾನೇ ಮೆಲ್ಲಗೆ ಎದ್ದು ತೆಗೆದೆ. ಬಾಬಾ. ಕಪ್ಪು ಕೋಟು, ಕೈಯಲ್ಲಿ ಒಂದು ಪಿಂಗಾಣಿ ಬಟ್ಟಲು. ಬಟ್ಟಲಲ್ಲಿ ಬೆಂದು ಅರಳಿದ ಗೋಧಿ, ಮೇಲೆ ಪುಡಿಸಕ್ಕರೆ, ಅಕ್ರೋಟು. ಧಾರವಾಡದವಳ ಕಣ್ಣಿಗೆ ಅದು ಇನ್ನೇನಾಗಿ ಕಾಣಬೇಕು? ಗೋಧಿ ಹುಗ್ಗಿ! ಮದುವೆಗೆ, ಹಬ್ಬಕ್ಕೆ, ಮಗ ಪಾಸಾದದ್ದಕ್ಕೆ ನಮ್ಮ ಕಡೆ ಮಾಡುವುದೇ ಅದು. ಕ್ರಿಸ್‌ಮಸ್ಸಿನಲ್ಲೂ ಮೇಜಿನ ಮೇಲೆ ನೋಡಿದ್ದೆನಲ್ಲ.

"ಫಾರ್ ಮೈ ಸನ್," ಎಂದರು ಬಾಬಾ.

ನಮ್ಮವರಲ್ಲಿ ವೀಸಾ ಸ್ಟ್ಯಾಂಪ್ ಆದರೆ ಸಿಹಿ ಹಂಚುವುದುಂಟು. ನನ್ನ ತಲೆ ನೇರವಾಗಿ ಅಲ್ಲಿಗೇ ಹೋಯಿತು. "ಓ, ಕಂಗ್ರಾಚುಲೇಶನ್ಸ್! ಐ ಆಮ್ ಸೋ ಹ್ಯಾಪಿ!" ಎಂದು ಅವರನ್ನು ತಬ್ಬಿಕೊಂಡೆ. ಥ್ಯಾಂಕ್ಯೂ ಎಂದು ಎರಡು ಸಲ, ಮೂರು ಸಲ ಹೇಳಿದೆ. ಬಾಬಾ ಏನೋ ಕೇಳಿಸಿಕೊಳ್ಳಲು ಕಾಯುವವರಂತೆ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ನನ್ನ ಹೊಟ್ಟೆಯನ್ನು ಮುಟ್ಟಿ, "ಈಟ್. ಆಲ್ ಹೌಸ್, ಈಟ್," ಎಂದು ಹೇಳಿ ಹಿಮ ತುಳಿಯುತ್ತ ಹೋದರು. ನಾನು ಅಲ್ಲೇ ನಿಂತು ಒಂದು ಚಮಚ ತಿಂದೆ. ಬಹಳ ರುಚಿಯಾಗಿತ್ತು.

ಸಂಜೆ ನನ್ನ ಯಜಮಾನರು ಹೊಬೋಕನ್‌ನ ಆಫೀಸಿನಿಂದ, ಸೀಕಾಕಸ್‌ನಲ್ಲಿ ಟ್ರೇನ್ ತಪ್ಪಿ, ತಡವಾಗಿ ಬಂದರು. ಬೂಟು ಬಿಚ್ಚುತ್ತಲೇ, "ಬಾಬಾ ಅವರ ಬಾಗಲಾಗ ಒಂದು ಹಾಳಿ ಹಚ್ಯಾರ, ನೋಡಿದೇನು? ಯಾರೋ ಗಂಡಸಿನ ಫೋಟೋ ಅದ, ಸುತ್ತಲೂ ಕರೀ ಅಂಚು. ಶ್ರದ್ಧಾಂಜಲಿ ಇದ್ದಂಗ ಅದ," ಎಂದರು.

ಅವರು ಫೋನಿನಲ್ಲಿ ತೆಗೆದ ಚಿತ್ರ ನೋಡಿದೆ. ಅಕ್ಷರ ಓದಲು ಬರಲಿಲ್ಲ, ಆದರೆ ನಲವತ್ತು ಎನ್ನುವ ಅಂಕಿ ಎಲ್ಲರ ಭಾಷೆಯಲ್ಲೂ ಒಂದೇ. ಮುಖವನ್ನೂ ಬಾಬಾರ ಮನೆಯ ಗೋಡೆಯ ಮೇಲೆ ನೋಡಿದ್ದೆ. ಮಗ ಹೋಗಿ ನಲವತ್ತು ದಿನವಾಗಿತ್ತು. ಗ್ರೀನ್‌ಕಾರ್ಡಿನ ಕಾಗದ ಎಲ್ಲೋ ಸಿಕ್ಕಿಕೊಂಡು ಬಾಬಾ ಮಣ್ಣಿಗೂ ಹೋಗಿರಲಿಲ್ಲ. ಇದೆಲ್ಲ ಆಮೇಲೆ ತಿಳಿದದ್ದು. ಆ ಹೊತ್ತಿಗೆ ತಿಳಿದದ್ದು ಒಂದೇ, ನಾನು ತಾಯಿಯೊಬ್ಬಳನ್ನು ಮಗನ ಸಾವಿಗೆ ಕಂಗ್ರಾಚುಲೇಟ್ ಮಾಡಿದ್ದೆ.

ಅವ್ವನಿಗೆ ತಿಳಿದದ್ದು ಬೇರೆ. "ಸತ್ತವರ ಕೂಳು! ಬಸುರಿ ಹೆಂಗಸು ಬಾಯಾಗ ಇಟ್ಕೊಂಡೆಲ್ಲ! ಎರಡು ಹೋದದ್ದು ಸಾಲಲಿಲ್ಲೇನು ನಿನಗ?" ನನಗೆ ಬಾಯಿ ಮುಕ್ಕಳಿಸಲು ಹೇಳಿದಳು, ದೃಷ್ಟಿ ತೆಗೆದಳು, ಬಟ್ಟಲನ್ನು ಕಣ್ಣೆದುರಿನಿಂದ ತೆಗೆ ಎಂದಳು. ಅವ್ವನನ್ನು ಈಗಲೂ ನಾನು ದೂರುವುದಿಲ್ಲ. ಅವಳು ಹೆದರಿದ್ದಳು ಅಷ್ಟೆ. ನಾನು ಅವಳಿಗಿಂತ ಹೆಚ್ಚು ಹೆದರಿದ್ದೆ. ಒಲ್ಲೆ, ನಾನು ತಿನ್ನುತ್ತೇನೆ ಎಂದು ಹೇಳಬಹುದಿತ್ತು. ಬೇಡವೆಂದರೆ ಹೋಗಿ ಬಟ್ಟಲು ಹಿಂದಕ್ಕೆ ಕೊಟ್ಟು, ನಮ್ಮಲ್ಲಿ ಹೀಗೆ ಎಂದು ಕೈ ಮುಗಿಯಬಹುದಿತ್ತು. ಎರಡೂ ಮಾಡಲಿಲ್ಲ.

ಗೋಧಿಯಾದರೂ ಅನ್ನವೇ, ಕಸದ ಡಬ್ಬಿಗೆ ಹಾಕಲು ಕೈ ಬರಲಿಲ್ಲ. ಹಿಂದಿನ ಬಾಗಿಲು ತೆರೆದು, ಹಿಮ ಕರಗಿದ್ದ ಪೊದೆಯ ಬುಡದಲ್ಲಿ ಸುರಿದು ಬಂದೆ. ಕಾಗೆ ಮುಟ್ಟಿದರೆ ಸತ್ತವರಿಗೆ ಮುಟ್ಟಿದಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಬೆಳಿಗ್ಗೆ ಕಿಟಕಿಯಲ್ಲಿ ನಿಂತು ನೋಡಿದರೆ ಕಾಗೆಯ ಸುಳಿವಿಲ್ಲ. ಎರಡು ದಪ್ಪ ಬಾತುಕೋಳಿಗಳು ಬಂದು ಎಲ್ಲವನ್ನೂ ಕಬಳಿಸಿ, ಅಲ್ಲೇ ಗಲೀಜು ಮಾಡಿ ಹೋದವು.

ಬರಿ ಬಟ್ಟಲು ಹಿಂದಿರುಗಿಸಬಾರದೆಂದು ಅದರಲ್ಲಿ ಸಕ್ಕರೆ ತುಂಬಿಕೊಂಡು ಎರಡು ದಿನದ ಮೇಲೆ ಹೋದೆ. ಈಗ ಹೇಳುತ್ತೇನೆ ಎಂದುಕೊಂಡೇ ಹೋಗಿದ್ದೆ. ಬಾಗಿಲ ಮೇಲಿನ ಆ ಮುಖದ ಕೆಳಗೆ ನಿಂತು ಸಾರಿ ಎಂದೆ, ಗೊತ್ತಿರಲಿಲ್ಲ ಎಂದೆ. ಬಾಬಾ ತಲೆ ನೇವರಿಸಿದರು. ಬಟ್ಟಲನ್ನು ಎದೆಗೆ ಹಿಡಿದುಕೊಂಡು, "ಯು ಈಟ್?" ಎಂದು ಕೇಳಿದರು.

"ತಿಂದೆವು," ಎಂದೆ. "ಎಲ್ಲರೂ."

"ಮಾಮಾ ಆಲ್ಸೋ?"

"ಅವ್ವನೂ ತಿಂದಳು. ಬಹಳ ಚೆನ್ನಾಗಿತ್ತು."

ಬಾಬಾ ಕಣ್ಣು ಮುಚ್ಚಿದರು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ನನ್ನ ಎರಡೂ ಕೈಗಳನ್ನು ತುಟಿಗೊತ್ತಿಕೊಂಡರು. ಅವರ ಮೂರು ಪದದ ಇಂಗ್ಲಿಷ್‌ನಲ್ಲಿ ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. "ನೌ ನಾಟ್ ಹಂಗ್ರಿ." ಈಗ ಅವನಿಗೆ ಹಸಿವಿಲ್ಲ. ನಲವತ್ತನೆಯ ದಿನ ಜೀವ ಈ ಲೋಕ ಬಿಟ್ಟು ಹೊರಡುತ್ತದಂತೆ. ಅಂದು ನಾಲ್ಕು ಜನ ಅದರ ಹೆಸರಲ್ಲಿ ಉಂಡರೆ ಅದು ಹೊಟ್ಟೆ ತುಂಬಿಕೊಂಡು ಹೊರಡುತ್ತದೆ. ಬಾಬಾರಿಗೆ ಈ ದೇಶದಲ್ಲಿ ಆ ನಾಲ್ಕು ಜನ ಯಾರು? ಚರ್ಚಿನ ಪಾದ್ರಿ, ಅಂಗಡಿಯ ಮಾಲೀಕ, ನಾವು. ನಾವೇ ಮೊದಲು.

ಮಾರ್ಚಿನಲ್ಲಿ ಮಗಳು ಹುಟ್ಟಿದಳು. ಚೆನ್ನಾಗಿಯೇ ಹುಟ್ಟಿದಳು. ಅವ್ವ ಒಂದು ಕೈಗೆ ದೃಷ್ಟಿಯ ಕರಿದಾರ ಕಟ್ಟಿದಳು, ಬಾಬಾ ಇನ್ನೊಂದು ಕೈಗೆ ಕೆಂಪು ಬಿಳಿ ದಾರ ಕಟ್ಟಿದರು. ಕೂಸಿನ ಎರಡು ಕೈ ನೋಡಿ ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ನಾನು ನಗಲಿಲ್ಲ. ಬಾಬಾ ಮಗುವನ್ನು ಎತ್ತಿಕೊಂಡು, ಇವಳು ಹೊಟ್ಟೆಯಲ್ಲಿದ್ದಾಗಲೇ ನನ್ನ ಮಗನಿಗೆ ಉಣ್ಣಿಸಿದವಳು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಅದನ್ನು ಹೇಳಿದಾಗಲೆಲ್ಲ ನಾನು ಅಡುಗೆಮನೆಗೆ ಹೋಗಿ ಏನಾದರೂ ತೊಳೆಯುತ್ತಿದ್ದೆ.

ಆಮೇಲೆ ವರ್ಷಕ್ಕೆ ಮೂರು ಶನಿವಾರ, ಅವರ ಪಂಚಾಂಗದಲ್ಲಿ ಸತ್ತವರಿಗೆಂದೇ ಇರುವ ಶನಿವಾರಗಳಂದು, ಗೋಧಿಯ ಮೊದಲ ಬಟ್ಟಲು ನಮ್ಮ ಮನೆಗೇ ಬರುತ್ತಿತ್ತು. ಒಮ್ಮೆ ನಾನು ಅಭ್ಯಾಸಬಲದಿಂದ ಥ್ಯಾಂಕ್ಯೂ ಎಂದಾಗ ಬಾಬಾ ನನ್ನ ಬಾಯಿಗೆ ಮೆಲ್ಲಗೆ ಕೈ ಅಡ್ಡ ಇಟ್ಟರು. ಈ ಊಟಕ್ಕೆ ಥ್ಯಾಂಕ್ಯೂ ಹೇಳಬಾರದು. ದೇವರು ಅವನನ್ನು ಕ್ಷಮಿಸಲಿ ಎನ್ನಬೇಕು. ನಮ್ಮಲ್ಲಿ ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರ್ತೀನಿ ಎನ್ನುವುದಿಲ್ಲವಲ್ಲ, ಹಾಗೆ. "ಬೋಗ್ ದ ಪ್ರೋಸ್ತಿ" ಎಂದು ನನಗೂ ಮಗಳಿಗೂ ಹೇಳಿಕೊಟ್ಟರು. ಮಗಳಿಗೆ ಒಂದೇ ಸಲಕ್ಕೆ ಬಂತು, ನನಗೆ ನಾಲಿಗೆ ಹೊರಳುತ್ತಿರಲಿಲ್ಲ. ಮೊದಲ ದಿನ ಅವರು ಬಾಗಿಲಲ್ಲಿ ಕಾದು ನಿಂತದ್ದು ಈ ಮಾತಿಗೆ ಎಂದು ಆಗ ಹೊಳೆಯಿತು. ಅಂದಿನಿಂದ ಬಂದ ಬಟ್ಟಲನ್ನೆಲ್ಲ ತಳ ಕಾಣುವವರೆಗೆ ತಿಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ. ನಲವತ್ತನೆಯ ದಿನ ಬರುವುದು ಒಂದೇ ಸಲ.

ಹೇಳಲು ಪ್ರಯತ್ನ ಪಡಲಿಲ್ಲವೆಂದಲ್ಲ. ಒಂದು ಸಲ ಅಂಗಡಿಯಲ್ಲಿ, ಅವರು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನನ್ನ ಬ್ಲೌಸಿನ ಬೆನ್ನು ಹಿಡಿಯುತ್ತಿದ್ದಾಗ ಶುರು ಮಾಡಿದೆ. ಮುಖ ಕಾಣದಿದ್ದರೆ ಸುಲಭವೆಂದು. ಅಷ್ಟರಲ್ಲಿ ಯಾರೋ ಕೋಟು ಕೇಳಿಕೊಂಡು ಬಂದರು, ನಾನು ಬದುಕಿದೆಯಾ ಬಡಜೀವವೇ ಎಂದು ನಿಟ್ಟುಸಿರು ಬಿಟ್ಟೆ. ಆ ನಿಟ್ಟುಸಿರಿಗಾಗಿ ಮನೆಗೆ ಬಂದು ನನ್ನನ್ನೇ ಬೈದುಕೊಂಡೆ. ನನ್ನ ಯಜಮಾನರು, "ಈಗ ಹೇಳಿ ಏನ್ ಮಾಡಾಕಿ? ನಿನ್ನ ಭಾರ ಇಳೀತದ, ಅವರಿಗೆ ಏರ್ತದ," ಎಂದರು. ಅದು ನಿಜ. ಆದರೆ ನಾನು ಸುಮ್ಮನಿದ್ದದ್ದು ಆ ಕಾರಣಕ್ಕಲ್ಲ. ಅವರು ನನ್ನ ಕೈಯನ್ನು ತುಟಿಗೊತ್ತಿಕೊಂಡದ್ದು ವಾಪಸ್ ಹೋಗಿಬಿಡಬಾರದು ಎನ್ನುವ ಆಸೆಬುರುಕತನಕ್ಕೆ.

ಕಳೆದ ಶರತ್ಕಾಲದಲ್ಲಿ ಬಾಬಾ ಮೆಟ್ಟಿಲ ಮೇಲೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಿಂದ, ಮತ್ತೆ ನಡೆಯಲು ಕಲಿಸುವ ರಿಹ್ಯಾಬ್‌ಗೆ ಕಳಿಸಿದರು. ಭಾನುವಾರಗಳಲ್ಲಿ ನಾನು ಡ್ರೈವ್ ಮಾಡಿಕೊಂಡು ಹೋಗಿ ಬರುತ್ತಿದ್ದೆ. ಇಂಗ್ಲಿಷ್ ಅವರಿಂದ ಒಂದೊಂದೇ ಪದವಾಗಿ ಜಾರಿಹೋಗಿತ್ತು. ತಮ್ಮ ಭಾಷೆಯಲ್ಲೇ ಏನೋ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಹೂಂಗುಟ್ಟುತ್ತಿದ್ದೆ. ಒಂದು ಭಾನುವಾರ, ನರ್ಸ್ ಇಲ್ಲದಾಗ, ಅವರ ಕೈ ಹಿಡಿದು ಎಲ್ಲವನ್ನೂ ಕನ್ನಡದಲ್ಲಿ ಹೇಳಿಬಿಟ್ಟೆ. ಪೊದೆ, ಬಾತುಕೋಳಿ, ಸಕ್ಕರೆ, ಎಲ್ಲ. ಅವರು ಹೊದಿಕೆಯ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಸವರುತ್ತ ಕೇಳಿದರು. ಬಿಟ್ಟುಹೋದ ಒಂದು ಹೊಲಿಗೆಯನ್ನು ನನಗೆ ತೋರಿಸಿ ತಲೆ ಅಲ್ಲಾಡಿಸಿದರು. ಇದನ್ನು ಹೇಳಿದ್ದು ಎಂದು ಲೆಕ್ಕ ಹಿಡಿಯಲು ನನಗೆ ಮನಸ್ಸು ಬರುವುದಿಲ್ಲ. ತಿಳಿಯದ ಭಾಷೆಯಲ್ಲಿ ತಪ್ಪೊಪ್ಪಿಕೊಳ್ಳುವುದು ಎಂಥ ಧೈರ್ಯ?

ಜನವರಿಯಲ್ಲಿ ಬಾಬಾ ಹೋದರು. ನಿದ್ದೆಯಲ್ಲೇ ಎಂದು ಫೋನು ಬಂತು.

ಎರಡು ವಾರದ ಹಿಂದೆ, ಬಾಬಾ ಹೋದ ನಲವತ್ತನೆಯ ದಿನ, ಶನಿವಾರ ಬೆಳಿಗ್ಗೆ, ಬೆಲ್ ಆಯಿತು. ಈಗ ಹನ್ನೊಂದಾಗಿರುವ ಮಗಳು ಓಡಿಹೋಗಿ ತೆಗೆದಳು. ಬಾಬಾರ ತಂಗಿಯ ಮಗಳು ನಿಂತಿದ್ದಳು, ಮನೆ ಖಾಲಿ ಮಾಡಲು ಶಿಕಾಗೋದಿಂದ ಬಂದವಳು. ಕಪ್ಪು ಉಡುಪು, ಕೈಯಲ್ಲಿ ಬಟ್ಟಲು. ಆಚೆ ಬಾಗಿಲ ಮೇಲೆ ಹೊಸ ಹಾಳೆ, ಅದರಲ್ಲಿ ಬಾಬಾ, ಯಾವುದೋ ಕಾಲದ ಕಪ್ಪು ಕೂದಲಿನ ಬಾಬಾ. ಮಗಳು ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡು, ನಾನು ಬಾಯಿ ತೆರೆಯುವ ಮೊದಲೇ, ಕಲಿಸಿದ್ದ ಹಾಗೆ ಸ್ಪಷ್ಟವಾಗಿ "ಬೋಗ್ ದ ಪ್ರೋಸ್ತಿ" ಎಂದಳು. ಆ ಹೆಂಗಸಿನ ಕಣ್ಣು ತುಂಬಿಬಂತು.

"ದೊಡ್ಡಮ್ಮ ಹೇಳಿಟ್ಟಿದ್ದರು," ಎಂದಳು ಇಂಗ್ಲಿಷಿನಲ್ಲಿ. "ನನ್ನ ಹೆಸರಿನ ಮೊದಲ ಬಟ್ಟಲು ಆ ಮನೆಗೆ ಕೊಡು. ನನ್ನ ಮಗ ಮೊದಲು ಉಂಡದ್ದು ಅಲ್ಲೇ. ಅವನಿಗೆ ಆ ಬಾಗಿಲು ಗೊತ್ತು, ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾನೆ ಅಂತ."

ಅಷ್ಟು ವರ್ಷ ಹೇಳದೆ ಉಳಿದದ್ದು ಆಗ ಹೇಗೆ ಹೊರಬಂತೋ ತಿಳಿಯದು. "ಅವನು ಇಲ್ಲಿ ಉಣ್ಣಲಿಲ್ಲ," ಎಂದೆ. "ನಾನು ಚೆಲ್ಲಿದೆ. ಒಂದು ಚಮಚ ಮಾತ್ರ ತಿಂದಿದ್ದೆ, ಅದನ್ನೂ ಗೊತ್ತಿಲ್ಲದೆ. ನಿಮ್ಮ ದೊಡ್ಡಮ್ಮನಿಗೆ ಸುಳ್ಳು ಹೇಳಿದೆ."

ಮಗಳು ನನ್ನ ಮುಖ ನೋಡಿದಳು. ಆ ಹೆಂಗಸು ಬೈಯಲಿ ಎಂದು ಕಾದೆ, ಬಟ್ಟಲು ಕಿತ್ತುಕೊಂಡು ಹೋಗಲಿ ಎಂದೂ ಕಾದೆ. ಅವಳು ದಣಿದಿದ್ದಳು, ಮಧ್ಯಾಹ್ನಕ್ಕೆ ವಿಮಾನವಿತ್ತು. ಕೊನೆಗೆ ಬಟ್ಟಲಿನ ಕಡೆ ಕೈ ತೋರಿಸಿ, "ಹಾಗಾದರೆ ಇವತ್ತು ಇಬ್ಬರದೂ ತಿನ್ನಿ," ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಹೋಗಿ ಬರುತ್ತೇನೆ ಎನ್ನದೆ ಹೋದಳು.

ನಾನು ಅಡುಗೆಮನೆಯಲ್ಲಿ ನಿಂತೇ ತಿನ್ನಲು ಶುರು ಮಾಡಿದೆ. ಅರ್ಧಕ್ಕೇ ಹೊಟ್ಟೆ ತುಂಬಿತು. "ಅಮ್ಮಾ, ಯು ಡೋಂಟ್ ಹ್ಯಾವ್ ಟು ಫಿನಿಶ್ ಇಟ್," ಎಂದಳು ಮಗಳು. ನಾನು ನಿಲ್ಲಿಸಲಿಲ್ಲ. ಅವಳು ಸ್ವಲ್ಪ ಹೊತ್ತು ನೋಡಿ, ಡ್ರಾಯರಿನಿಂದ ಇನ್ನೊಂದು ಚಮಚ ತಂದು ಪಕ್ಕದಲ್ಲಿ ನಿಂತುಕೊಂಡಳು. ಯಾಕೆ ಚೆಲ್ಲಿದೆ ಎಂದು ಅವಳು ಇನ್ನೂ ಕೇಳಿಲ್ಲ. ಕೇಳುತ್ತಾಳೆ. ಕೇಳಿದಾಗ, ನಿನಗಾಗಿ ಎಂದು ಹೇಳಿ ಆ ಭಾರವನ್ನೂ ಅವಳ ತಲೆಗೆ ಹೊರಿಸಬಾರದು ಎಂದು ದಿನವೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಪಕ್ಕದ ಮನೆ ಈಗ ಖಾಲಿ. ಗೋಡೆಯ ಆಚೆಯಿಂದ ಯಾವ ಸದ್ದೂ ಇಲ್ಲ. ತಾಯಿ ಮಗ ಇಬ್ಬರ ಪಾಲೂ ತಿಂದೆನೇನೋ ಹೌದು. ಅವರಿಗೆ ಮುಟ್ಟಿತೇ ಎಂದು ಕೇಳಿದರೆ, ಹೂಂ ಎನ್ನಬಲ್ಲವರು ಆ ಗೋಡೆಯ ಆಚೆ ಒಬ್ಬರೇ ಇದ್ದರು.